ಪುಸ್ತಕಗಳಿಗೆ ಮಣ್ಣು ಕೊಟ್ಟ ಮಕ್ಕಳು

ವಾಷಿಂಗ್ಟನ್ನಿನಲ್ಲಿ ಇಳಿದದ್ದು

ಭರತಾ, ಸಿಂಚನಾ, ಅಮೆರಿಕ ಹೇಗಿತ್ತು ಅಜ್ಜಿ ಎಂದು ನೀವು ಕೇಳಿದಾಗಲೆಲ್ಲ ನಾನು "ಚಳಿ ಕಣ್ರೋ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಎರಡು ಸಾವಿರದ ಐದನೇ ಇಸವಿಯಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಹೋದೆ. ನಿಮ್ಮ ರೂಪತ್ತೆಗೆ ಎರಡನೇ ಹೆರಿಗೆ. ಅವಳ ಅಮ್ಮ, ಎಂದರೆ ನನ್ನ ತಂಗಿ, ಮಂಡಿನೋವಿನಿಂದ ಎದ್ದು ಓಡಾಡಲಾರಳು. ಹಾಗಾಗಿ ಬಾಣಂತನಕ್ಕೆ ನಾನೇ ಹೊರಟೆ. ಪೆಟ್ಟಿಗೆಯಲ್ಲಿ ಒಣಶುಂಠಿ, ಮೆಣಸು, ಅಂಟಿನುಂಡೆ. ಕೈಚೀಲದಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿದ ನಿಮ್ಮ ತಾತನ ಸ್ತೋತ್ರ ಪುಸ್ತಕ.

ಆ ಪುಸ್ತಕವನ್ನು ನೀವು ನೋಡಿದ್ದೀರಿ, ಮುಟ್ಟಿಲ್ಲ. ಅಂಗೈಯಗಲದ್ದು. ನಿಮ್ಮ ತಾತ ಸರ್ಕಾರಿ ಬಸ್ಸು ಓಡಿಸಿದಷ್ಟು ಕಾಲವೂ ಅದು ಸ್ಟೇರಿಂಗಿನ ಮುಂದೆ ಗಾಜಿಗೆ ಒರಗಿಕೊಂಡು ಇರುತ್ತಿತ್ತು. ಹಾಳೆಗೆಲ್ಲ ಡೀಸೆಲ್ ವಾಸನೆ, ಕುಂಕುಮದ ಬೆರಳಚ್ಚು. ಅವರು ಹೋದ ಮೇಲೆ ಹೊಲಿಗೆ ಬಿಟ್ಟು ಹಾಳೆಗಳು ಉದುರತೊಡಗಿದವು. ಹರಿದ ದೇವರ ಪುಸ್ತಕ ಮನೆಯಲ್ಲಿರಬಾರದು, ಹರಿಯುವ ನೀರಿಗೆ ಬಿಟ್ಟುಬಿಡು ಎಂದು ನೆಂಟರೆಲ್ಲ ಹೇಳಿದರು. ಕಾವೇರಿಯ ಮೆಟ್ಟಿಲವರೆಗೆ ಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ ತಂದಿದ್ದೆ. ಬಿಡಲು ಕೈ ಬರಲಿಲ್ಲ. ಇಟ್ಟುಕೊಂಡರೆ ತಪ್ಪಾಗುತ್ತದೆ ಎನ್ನುವ ಭಯವೂ ಹೋಗಲಿಲ್ಲ. ಹೀಗೆ ಅದು ನನ್ನ ಜೊತೆ ವಿಮಾನ ಹತ್ತಿತು.

ವಿಮಾನದಿಂದ ಇಳಿದು ಸಾಲಿನಲ್ಲಿ ನಿಂತಾಗ ಪಾಸ್‌ಪೋರ್ಟ್ ಹುಡುಕಲು ಕೈಚೀಲಕ್ಕೆ ಕೈ ಹಾಕಿದೆ. ಬಟ್ಟೆಯ ಗಂಟು ಸಡಿಲವಾಗಿ ಒಂದು ಹಾಳೆ ನೆಲಕ್ಕೆ ಬಿತ್ತು. ಹಿಂದಿನಿಂದ ಬಂದ ಪ್ರಯಾಣಿಕನೊಬ್ಬನ ಬೂಟು ನೇರ ಅದರ ಮೇಲೆ. ನಾನು ಕೂಗಿಬಿಟ್ಟೆ. ನಿಮ್ಮಪ್ಪ ಚಿಕ್ಕವನಿದ್ದಾಗ ಮಾವಿನ ಮರದಿಂದ ಬಿದ್ದಾಗಲೂ ನನ್ನ ಗಂಟಲಿನಿಂದ ಅಂಥ ದನಿ ಬಂದಿರಲಿಲ್ಲ. ಆ ಮನುಷ್ಯ ಹಾವು ತುಳಿದವನ ಹಾಗೆ ಹಾರಿದ. ಸಾಲೆಲ್ಲ ತಿರುಗಿ ನೋಡಿತು. ನಾನು ಹಾಳೆಯನ್ನೆತ್ತಿ ಕಣ್ಣಿಗೊತ್ತಿಕೊಂಡು ತಲೆ ತಗ್ಗಿಸಿ ನಿಂತೆ. ಮನೆ ಸೇರುವವರೆಗೂ ತಲೆ ಎತ್ತಲಿಲ್ಲ. ವಾಷಿಂಗ್ಟನ್ ಹೇಗಿತ್ತು ಎಂದರೆ ನನಗೆ ಗೊತ್ತಿರುವುದು ಅದರ ನೆಲ.

ಎಲಿಕಾಟ್ ಸಿಟಿ, ಗುರುವಾರ

ರೂಪಳ ಮನೆ ಎಲಿಕಾಟ್ ಸಿಟಿ ಎನ್ನುವ ಊರಿನಲ್ಲಿ. ಮರಗಳೆಲ್ಲ ಬೆಂಕಿ ಬಿದ್ದ ಹಾಗೆ ಕೆಂಪು. ಒಣಗಿ ಹೋಗಿವೆಯೋ ಏನೋ ಎಂದು ನಾನು ಮರುಗಿದರೆ, ರೂಪ ನಕ್ಕು "ಇದನ್ನ ನೋಡೋಕೆ ಅಂತಲೇ ಜನ ಡ್ರೈವ್ ಮಾಡ್ಕೊಂಡು ಬರ್ತಾರೆ ದೊಡ್ಡಮ್ಮ" ಎಂದಳು.

ರೂಪಳ ದೊಡ್ಡ ಮಗಳು ಅನನ್ಯಳಿಗೆ ಆಗ ಎಂಟು ವರ್ಷ. ಅವಳು ನೆಲದ ಮೇಲೆ ಬೋರಲು ಮಲಗಿ ಓದುತ್ತಾಳೆ. ಓದಿ ಮುಗಿದ ಪುಸ್ತಕವನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳುತ್ತಾಳೆ. 

"ಅಯ್ಯೋ ಮಗಾ, ಪುಸ್ತಕಕ್ಕೆ ಕಾಲು ತಗಲಿತಲ್ಲ! ಕಣ್ಣಿಗೊತ್ತಿಕೋ."

"ವೈ, ಅಜ್ಜಿ? ಬುಕ್‌ಗೆ ನೋವು ಆಗತ್ತಾ?"

ಅದಕ್ಕಿಂತ ದೊಡ್ಡ ಗಾಬರಿ ಅಂಗಳದಲ್ಲಿತ್ತು. ಒಂದು ನೀಲಿ ತೊಟ್ಟಿ. ಹಳೇ ಪತ್ರಿಕೆ, ಮಕ್ಕಳ ಪುಸ್ತಕ, ದೇವರ ಚಿತ್ರವಿರುವ ಕ್ಯಾಲೆಂಡರು, ಎಲ್ಲ ಅದರೊಳಕ್ಕೆ. ಗುರುವಾರ ಬೆಳಿಗ್ಗೆ ಲಾರಿ ಬಂದು ಒಯ್ಯುತ್ತದೆ. "ರೀಸೈಕಲ್ ಮಾಡ್ತಾರೆ ದೊಡ್ಡಮ್ಮ, ವೇಸ್ಟ್ ಆಗಲ್ಲ" ಎಂದು ರೂಪ ಸಮಾಧಾನ ಹೇಳಿದಳು. ಗಜಾನನನನ್ನು ಹಾಲಿನ ಡಬ್ಬದ ಜೊತೆ ಹಾಕಿ ಸಮಾಧಾನ ಹೇಳಿದರೆ ಹೇಗೆ?

ಒಂದು ಗುರುವಾರ ಮಗುವಿಗೆ ಎಣ್ಣೆನೀರು ಹಾಕುವಾಗ ನೀರು ಚೆಲ್ಲಿ ಹಳದಿ ಗಂಟು ಒದ್ದೆಯಾಯಿತು. ಒಣಗಲಿ ಎಂದು ಬಿಚ್ಚಿ, ಕಿಟಕಿಯ ಕೆಳಗಿದ್ದ ಪತ್ರಿಕೆಗಳ ಮೇಲೆ ಪುಸ್ತಕವನ್ನು ಹರಡಿಟ್ಟಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕಿ ಬಂದು ನೋಡಿದರೆ ಕಿಟಕಿಯ ಕೆಳಗೆ ಬರೀ ನೆಲ. ರೂಪಳ ಗಂಡ ಶ್ರೀಧರ ಆಫೀಸಿಗೆ ಹೊರಡುವ ಅವಸರದಲ್ಲಿ ಪತ್ರಿಕೆಗಳನ್ನೆಲ್ಲ ಬಾಚಿ ತೊಟ್ಟಿಗೆ ಹಾಕಿ ಹೋಗಿದ್ದ. ಹೊರಗೆ ಲಾರಿಯ ಸದ್ದು.

ನಾನು ಓಡಿದೆ. ಬರಿಗಾಲು, ಸೆರಗು ಸೊಂಟದಲ್ಲಿ, ಕೈಯೆಲ್ಲ ಎಣ್ಣೆ. ಲಾರಿಯವನು ತೊಟ್ಟಿಯನ್ನು ಎತ್ತಿ ಹಿಡಿದಿದ್ದ. "ನಿಲ್ಲಿಸಪ್ಪಾ" ಎಂದು ಕನ್ನಡದಲ್ಲಿ ಕೂಗಿದರೆ ಅವನಿಗೇನು ಗೊತ್ತು? ಆಗ ಪಕ್ಕದ ಮನೆಯ ಮುಂದೆ ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು, ಗುಂಗುರು ಕೂದಲಿನವಳು, ಬ್ಯಾಗು ಎಸೆದು ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತಳು. ಲಾರಿಯವನು ತೊಟ್ಟಿ ಇಳಿಸಿದ. ನಾವು ಮೂವರೂ ಬಗ್ಗಿ ಹುಡುಕಿದೆವು. ಪುಸ್ತಕ ಸಿಕ್ಕಿತು. ಒಂದು ಹಾಳೆ ಮಾತ್ರ ಗಾಳಿಗೆ ಹಾರಿ ಹುಲ್ಲಿನ ಮೇಲೆ ಬಿತ್ತು. ಹುಡುಗಿ ಓಡಿ ಅದನ್ನೆತ್ತಿದಳು. ನನ್ನ ಕೈಗೆ ಕೊಡುವ ಮುಂಚೆ, ನಾನು ನೋಡುತ್ತಿದ್ದಂತೆಯೇ, ಅದಕ್ಕೆ ತುಟಿಯೊತ್ತಿ ಮುತ್ತು ಕೊಟ್ಟಳು.

ಶಿವನೇ! ಸ್ತೋತ್ರದ ಹಾಳೆಗೆ ಎಂಜಲು! ಅವಳು ಕಾಪಾಡಿದ್ದಕ್ಕೆ ಕೈ ಮುಗಿಯಲೋ, ಎಂಜಲು ಮಾಡಿದ್ದಕ್ಕೆ ಅಳಲೋ ತಿಳಿಯಲಿಲ್ಲ. ಹಾಳೆಯನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡೆ. ಹುಡುಗಿ ಅದನ್ನು ಕಣ್ಣರಳಿಸಿ ನೋಡಿದಳು. ಹೆಸರು ಲೇಯಾ ಎಂದು ಆಮೇಲೆ ತಿಳಿಯಿತು.

ಮಂಗಳವಾರದ ಸಂಜೆ ಶಾಲೆ

"ಅವ್ರು ಜ್ಯೂಯಿಶ್ ದೊಡ್ಡಮ್ಮ, ಯಹೂದಿಗಳು" ಎಂದಳು ರೂಪ. "ಲೇಯಾಗೆ ಸ್ಕೂಲ್ ಮುಗಿದ್ಮೇಲೆ ಇನ್ನೊಂದು ಸ್ಕೂಲು. ಅವ್ರ ಅಕ್ಷರ, ಪ್ರೇಯರ್, ಹಬ್ಬ ಎಲ್ಲ ಅಲ್ಲಿ ಹೇಳ್ಕೊಡ್ತಾರೆ. ಮನೆಯವ್ರೂ ಜೊತೆಗೆ ಕೂತ್ಕೊಂಡು ಕಲೀಬಹುದು. ಲೇಯಾ ನಿಮ್ ಬುಕ್ ವಿಷ್ಯ ಟೀಚರ್‌ಗೆ ಹೇಳಿದ್ಳಂತೆ, ನಿಮ್ಮನ್ನ ಕರ್ಕೊಂಡ್ ಬರೋಕೆ ಹೇಳಿದ್ದಾರೆ. ಡೆಬ್ರಾ ಕಾರಲ್ಲಿ ಕರ್ಕೊಂಡ್ ಹೋಗ್ತಾಳೆ. ಅನನ್ಯ ಜೊತೆಗಿರ್ತಾಳೆ. ಹೋಗಿ ಬನ್ನಿ, ಗೋಡೆ ನೋಡಿ ನೋಡಿ ಸಾಕಾಗಿರತ್ತೆ."

ಡೆಬ್ರಾ ಎಂದರೆ ಲೇಯಾಳ ಅಮ್ಮ. ಬೇಡ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಹಳದಿ ಗಂಟನ್ನು ಕೈಚೀಲದಲ್ಲಿಟ್ಟುಕೊಂಡೆ. ಹೋದೆ.

ಅವರ ಪ್ರಾರ್ಥನಾ ಮಂದಿರದ ಹಿಂದೆ ಒಂದು ಉದ್ದ ಕೋಣೆ. ಮಕ್ಕಳು ಬಿಸ್ಕತ್ತು ತಿನ್ನುತ್ತ ಕೂತಿದ್ದರು. ಅವರ ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಗಲುವ ಹಾಗೆ ಅಪ್ಪಂದಿರು, ಅಮ್ಮಂದಿರು. ಟೈ ಕಟ್ಟಿದ ಒಬ್ಬ ಅಪ್ಪ ಆರು ವರ್ಷದ ಮಗಳ ಹತ್ತಿರ ಅಕ್ಷರ ಹೇಳಿಸಿಕೊಳ್ಳುತ್ತಿದ್ದ. ತಪ್ಪಿದಾಗ ಅವಳು ಅವನ ಕಿವಿ ಹಿಂಡಿದಳು. ಅವನು ಮತ್ತೆ ಹೇಳಿದ! ನಮ್ಮ ಮೇಷ್ಟ್ರು ನೋಡಿದ್ದರೆ ಕೋಲು ಕೆಳಗಿಟ್ಟು ಊರು ಬಿಡುತ್ತಿದ್ದರು. ನನ್ನ ಕೈಗೂ ಒಂದು ಪುಸ್ತಕ ಕೊಟ್ಟರು. ತೆರೆದರೆ ಅದು ಕೊನೆಯ ಪುಟ. ಅವರ ಬರವಣಿಗೆ ಬಲದಿಂದ ಎಡಕ್ಕಂತೆ. ಲೇಯಾ ಪುಸ್ತಕವನ್ನು ನನ್ನ ಕೈಯಲ್ಲೇ ತಿರುಗಿಸಿ ಸರಿಮಾಡಿದಳು.

ಟೀಚರ್ ಹೆಸರು ಮಿರಿಯಮ್. ನರೆಗೂದಲು, ಕೊರಳಲ್ಲಿ ದಾರದಿಂದ ನೇತಾಡುವ ಕನ್ನಡಕ. ಅವರು ಒಂದು ಪಾಠ ಓದಿದರು. ಓದಿ ಮುಗಿಸುವ ಮೊದಲೇ ಈಥನ್ ಎಂಬ ಹುಡುಗ ಎದ್ದು ಏನೋ ಜೋರಾಗಿ ಹೇಳಿದ. ಅನನ್ಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಜ್ಜಿ, ಅವ್ನು ಹೇಳ್ತಾನೆ, ಗಾಡ್ ಮಾಡಿದ್ದು ಫೇರ್ ಅಲ್ಲ ಅಂತ."

ನನ್ನ ಬೆನ್ನು ತಾನಾಗಿಯೇ ಸೆಟೆಯಿತು. ಈಗ ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಏಟಿನ ಸದ್ದು ಬರಲಿಲ್ಲ. ಕಣ್ಣು ತೆರೆದರೆ ಟೀಚರ್ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತು "ಯಾಕೆ ಹಾಗನ್ನಿಸಿತು ಹೇಳು" ಎನ್ನುತ್ತಿದ್ದಾರೆ. ಉಳಿದ ಮಕ್ಕಳು ಅವನ ಮೇಲೆ ಬಿದ್ದರು. ಒಬ್ಬಳು ದೇವರ ಪರ, ಇಬ್ಬರು ವಿರುದ್ಧ. ಸಂತೆಯ ಗದ್ದಲ. ಆ ಗಲಾಟೆಯಲ್ಲಿ ಯಾರದೋ ಮೊಣಕೈ ತಗಲಿ ಪುಸ್ತಕವೊಂದು ಕೆಳಗೆ ಬಿತ್ತು. ಒಮ್ಮೆಗೇ ಕೋಣೆ ಸ್ತಬ್ಧ. ಈಥನ್ ಬಗ್ಗಿ ಅದನ್ನೆತ್ತಿ, ಮುತ್ತು ಕೊಟ್ಟು, ಮೇಜಿನ ಮೇಲಿಟ್ಟ. ಮತ್ತೆ ಗದ್ದಲ ಶುರು.

ಆಗ ನನಗೆ ತಿಳಿಯಿತು. ನಾವು ಕಣ್ಣಿಗೊತ್ತಿಕೊಳ್ಳುವುದನ್ನು ಅವರು ತುಟಿಯಿಂದ ಮಾಡುತ್ತಾರೆ. ದೇವರ ಮೇಲೆ ದೂರು ಹೇಳಬಹುದು, ದೇವರ ಪುಸ್ತಕ ನೆಲದಲ್ಲಿರಬಾರದು. ಎಂಜಲಿನ ಗಾಬರಿ ಸ್ವಲ್ಪ ಇಳಿಯಿತು. ಪೂರ್ತಿ ಅಲ್ಲ.

ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ

ಬಿಸ್ಕತ್ತಿನ ಚೂರು ಗುಡಿಸಿದ ಮೇಲೆ ಟೀಚರ್ ಮೂಲೆಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು. ಅದರ ತುಂಬ ಹರಿದ ಪ್ರಾರ್ಥನೆ ಪುಸ್ತಕಗಳು. ಲೇಯಾ ಮೇಲಿನದೊಂದನ್ನು ತೋರಿಸಿದಳು. ಅದು ಸತ್ತುಹೋದ ಅವಳ ತಾತನದು.

"ದೇವರ ಹೆಸರು ಬರೆದಿರೋ ಹಾಳೇನ ನಾವು ಎಸೆಯಲ್ಲ, ಸುಡಲ್ಲ" ಎಂದರು ಟೀಚರ್. ಅನನ್ಯ ಒಂದೊಂದೇ ಮಾತು ಹುಡುಕಿ ಹೇಳಿದಳು. "ಸಂಡೇ ಬೆರಿ ಮಾಡ್ತಾರಂತೆ ಅಜ್ಜಿ. ಮಣ್ಣಲ್ಲಿ. ಸತ್ತ ಮನುಷ್ಯರನ್ನ ಹಾಕ್ತಾರಲ್ಲ, ಹಾಗೆ."

ಪುಸ್ತಕವನ್ನು ಹೂಳುವುದೇ? ಸ್ಮಶಾನದಲ್ಲಿ? ಟೀಚರ್ ನನ್ನ ಕಡೆ ತಿರುಗಿ, ಬೇಕಾದರೆ ನಿಮ್ಮ ಪುಸ್ತಕದ ವಿಷಯ ಹೇಳಿ ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಬಟ್ಟೆ ಬಿಚ್ಚಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ತೀರಿಹೋದ ನನ್ನ ಯಜಮಾನರದು ಎಂದಷ್ಟೇ ಹೇಳಿದೆ. ಆಮೇಲೆ ಎಲ್ಲಿಂದ ಧೈರ್ಯ ಬಂತೋ, "ಇದನ್ನೂ ಅದರ ಜೊತೆ ಇಡಬಹುದಾ ಕೇಳು ಮಗಾ" ಎಂದೆ. ಯಾರೋ ಒಬ್ಬರು ನನ್ನ ಕೈಯಿಂದ ಅದನ್ನು ತೆಗೆದುಕೊಂಡರೆ ಸಾಕಿತ್ತು.

ಟೀಚರ್ "ನನಗೆ ಗೊತ್ತಿಲ್ಲ" ಎಂದರು. ಮಕ್ಕಳ ಮುಂದೆಯೇ! "ನೀವೇನು ಹೇಳ್ತೀರಿ?" ಎಂದು ಅವರನ್ನೇ ಕೇಳಿದರು.

ಈಥನ್ ತಕ್ಷಣ ಬೇಡವೆಂದ. "ಆ ಗುಂಡಿ ನಮ್ ಬುಕ್ಸ್‌ಗೆ ಅಂತಾನೆ ಅಜ್ಜಿ." ಲೇಯಾ ಕೆಂಪಗಾದಳು. "ಅದು ಗಾರ್ಬೇಜ್ ಅಲ್ಲ, ಅದರಲ್ಲೂ ಗಾಡ್ ಹೆಸರಿದೆ ಅಂತ ಅವಳು. ಈಗ ಈಥನ್ ಕೇಳ್ತಾನೆ, ಯಾವ ಗಾಡ್ ಅಂತ. ಈಗ ಜಗಳ ಅಜ್ಜಿ, ತುಂಬ ಫಾಸ್ಟ್, ನಂಗೆ ಬರಲ್ಲ."

ಒಬ್ಬ ಪುಟ್ಟ ಹುಡುಗಿ ನನ್ನ ಸೆರಗು ಜಗ್ಗಿ, ನಿಮ್ಮ ಊರಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಹರಿಯುವ ನೀರಿಗೆ ಬಿಡುತ್ತೇವೆ ಎಂದೆ. ಈಥನ್ ತಲೆ ಕೆರೆದುಕೊಂಡ. ಈ ಸಲ ಮೆಲ್ಲಗೆ ಮಾತಾಡಿದ. ಅನನ್ಯ ಹೇಳಿದಳು: "ನಾವು ಮಣ್ಣಲ್ಲಿ ಹಾಕಿದ್ರೆ ಆ ತಾತನ ಬುಕ್ಕನ್ನ ನಮ್ದು ಮಾಡ್ಕೊಂಡ ಹಾಗೆ ಅಲ್ವಾ, ಅವ್ರಿಗೆ ಬೇಜಾರಾದ್ರೆ, ಅಂತ. ಅವ್ರ ಹೆಸರೇನು ಅಂತಾನೂ ಕೇಳ್ತಾನೆ."

ನಿಮ್ಮ ತಾತನ ಹೆಸರು. ಮದುವೆಯಾದ ದಿನದಿಂದ ನಾನು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವನು ಕೇಳಿದಾಗಲೂ ನಿಮ್ಮಪ್ಪನನ್ನು ಮುಂದೆ ತಳ್ಳಿದ್ದೆ. ಅನನ್ಯಳಿಗೂ ಗೊತ್ತಿರಲಿಲ್ಲ. "ಗಂಡನ ಹೆಸರು ಹೇಳಬಾರದು ಮಗಾ. ಮೊದಲನೇ ಪುಟದಲ್ಲಿ ಅವರೇ ಬರೆದಿದ್ದಾರೆ, ನೋಡು" ಎಂದೆ. ಅನನ್ಯಳಿಗೆ ಕನ್ನಡ ಓದಲು ಬಾರದು. ಅವಳು ನನ್ನ ಮಾತನ್ನು ಅಲ್ಲಿದ್ದವರಿಗೆ ಹೇಳಿದಳು. ಈಗ ನಗುತ್ತಾರೆ ಎಂದುಕೊಂಡೆ. ಲೇಯಾ ಕುರ್ಚಿಯಿಂದ ಎದ್ದು ನಿಂತಳು.

"ಅಜ್ಜಿ! ಅವ್ರೂ ಗಾಡ್‌ನ ನಿಜವಾದ ಹೆಸರು ಹೇಳಲ್ವಂತೆ! ಬರೀ ಬರೀತಾರಂತೆ. ಅದಕ್ಕೇ ಹಾಳೇನ ಎಸೆಯಲ್ವಂತೆ."

ನನಗೆ ಕಿವಿಯೆಲ್ಲ ಬಿಸಿಯಾಯಿತು. ಊಟದ ತಟ್ಟೆಯಲ್ಲಿ ಉಪ್ಪು ಕಡಿಮೆಯಾದರೆ ಮುಖ ಗಂಟಿಕ್ಕುತ್ತಿದ್ದ ಮನುಷ್ಯನನ್ನು ಈ ಮಕ್ಕಳು ಎಲ್ಲಿ ಕೂರಿಸಿಬಿಟ್ಟರು!

ಈಥನ್ ಕೊನೆಯ ಪ್ರಶ್ನೆ ಕೇಳಿದ. ಪುಸ್ತಕವನ್ನು ಏನು ಮಾಡಬೇಕು ಎಂದು ತಾತ ಹೇಳಿದ್ದರಾ?

ಯಾರೂ ಇದುವರೆಗೆ ಅದನ್ನು ಕೇಳಿರಲಿಲ್ಲ. ಬಿಡು ಎಂದವರೇ ಎಲ್ಲ. ಹೇಳಲು ಅವರಿಗೆ ಹೊತ್ತೇ ಸಿಗಲಿಲ್ಲ ಎಂದೆ. ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ, ಎಲ್ಲರೂ ಇಳಿಯುವವರೆಗೆ ಕಾದು, ಸ್ಟೇರಿಂಗಿಗೆ ತಲೆ ಆನಿಸಿದರಂತೆ. ಕಂಡಕ್ಟರು ನಿದ್ದೆ ಎಂದುಕೊಂಡನಂತೆ. ಇಷ್ಟನ್ನೂ ನಾನು ಹೇಳಿದೆ, ಅಷ್ಟು ಜನರ ಮುಂದೆ. ಅನನ್ಯ ಅದನ್ನೆಲ್ಲ ಎರಡೇ ಮಾತಿನಲ್ಲಿ ಮುಗಿಸಿದಳು. ಏನು ಹೇಳಿದೆ ಎಂದು ದಾರಿಯಲ್ಲಿ ಕೇಳಿದೆ. "ಎಲ್ಲಾರ್ನೂ ಸೇಫ್ ಆಗಿ ಇಳಿಸಿ ಆಮೇಲೆ ಸತ್ರು ಅಂತ."

ಮಕ್ಕಳ ತೀರ್ಮಾನ ಹೀಗಾಯಿತು: ಪುಸ್ತಕವನ್ನು ಗುಂಡಿಗೆ ಹಾಕುವುದಿಲ್ಲ. ಭಾನುವಾರ ತಮ್ಮ ಕೆಲಸ ಮುಗಿದ ಮೇಲೆ ಬರಬಯಸುವವರು ನನ್ನ ಜೊತೆ ನದಿಗೆ ಬರುತ್ತಾರೆ. ಬೇಡವೆಂದದ್ದಕ್ಕೆ ಮೊದಲು ಮನಸ್ಸು ಚುರುಕ್ಕೆಂದಿತು. ಮನೆಗೆ ಬಂದು ಮಗುವಿಗೆ ಸಾಂಬ್ರಾಣಿ ಹಾಕುವಾಗ ಹೊಳೆಯಿತು, ಅವರು ಆ ಭಾರವನ್ನು ನನ್ನ ಕೈಯಿಂದ ಕಿತ್ತುಕೊಳ್ಳದೆ, ಪುಸ್ತಕವನ್ನು ನಮ್ಮ ಪದ್ಧತಿಗೇ ಬಿಟ್ಟಿದ್ದರು.

ಭಾನುವಾರ

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ನಿಮ್ಮ ತಾತನನ್ನು ಒಯ್ದಾಗ ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಬೀದಿಯ ತಿರುವಿನವರೆಗೆ ಕಂಡದ್ದಷ್ಟೆ. ಇಲ್ಲಿ ಮಕ್ಕಳು ಕೈಹಿಡಿದು ಗೇಟು ದಾಟುತ್ತಿದ್ದಾರೆ, ಅಮ್ಮಂದಿರು ಕಾಫಿ ಲೋಟ ಹಿಡಿದುಕೊಂಡೇ ಬಂದಿದ್ದಾರೆ! ನಾನು ಗೇಟಿನ ಹೊರಗೇ ನಿಂತೆ. ಲೇಯಾ ವಾಪಸ್ ಬಂದು ಕೈ ಚಾಚಿದಳು. ಆ ಕೈಯನ್ನು ಬೇಡ ಎನ್ನಲಾಗಲಿಲ್ಲ.

ಲೇಯಾ ಮೊದಲು ತನ್ನ ತಾತನ ಗೋರಿಯ ಕಲ್ಲಿನ ಮೇಲೆ ಒಂದು ಬೆಣಚುಕಲ್ಲು ಇಟ್ಟು ಬಂದಳು. ಹೂವಲ್ಲ, ಕಲ್ಲು. ಗುಂಡಿ ತೋಡಿ ಸಿದ್ಧವಾಗಿತ್ತು. ಮಕ್ಕಳು ಪುಸ್ತಕಗಳನ್ನು ಒಂದೊಂದಾಗಿ, ನಿದ್ದೆ ಮಾಡುವ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದರು. ತಾತನ ಪುಸ್ತಕ ಇಡುವಾಗ ಲೇಯಾ ಅತ್ತಳು. ಯಾರೂ ಅಳಬೇಡ ಎನ್ನಲಿಲ್ಲ, ಯಾರೂ ಅವಳನ್ನು ದೂರ ಕರೆದೊಯ್ಯಲಿಲ್ಲ. ಮಣ್ಣು ಹಾಕುವಾಗ ಸಲಿಕೆಯನ್ನು ಬೋರಲು ಹಿಡಿದರು. ಸ್ವಲ್ಪ ಸ್ವಲ್ಪವೇ ಮಣ್ಣು ಬೀಳುತ್ತಿತ್ತು. ಇದು ಬೇಗ ಮುಗಿಸಬೇಕಾದ ಕೆಲಸವಲ್ಲ, ಅದಕ್ಕೆ ಹಾಗೆ ಎಂದು ಟೀಚರ್ ಹೇಳಿದರು. ಸಲಿಕೆಯನ್ನು ಕೈಯಿಂದ ಕೈಗೆ ಕೊಡಲೂ ಇಲ್ಲ. ಒಬ್ಬರು ಮಣ್ಣಿಗೆ ಚುಚ್ಚಿಟ್ಟರೆ ಇನ್ನೊಬ್ಬರು ತಾವೇ ತೆಗೆದುಕೊಳ್ಳಬೇಕು.

ಈಥನ್ ಅದನ್ನು ನನ್ನ ಮುಂದೆ ಚುಚ್ಚಿಟ್ಟ.

ನಾನು ತೆಗೆದುಕೊಂಡೆ. ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ತಾತಂದಿರ ಪುಸ್ತಕಗಳ ಮೇಲೆ ಮಣ್ಣು ಹಾಕಿದೆ. ನನ್ನವರಿಗೆ ಹಾಕದೇ ಉಳಿದ ಹಿಡಿ ಮಣ್ಣು ಅದು. ಸಲಿಕೆಯಲ್ಲಿದ್ದದ್ದನ್ನು ಪೂರ್ತಿ ಹಾಕಿದೆ. ಹೊರಡುವಾಗ ಗೇಟಿನ ಹತ್ತಿರ ಎಲ್ಲರೂ ಕೈ ತೊಳೆದುಕೊಂಡರು. ನಾನು ಮನೆಗೆ ಹೋಗಿ ತಲೆಗೂ ನೀರು ಹಾಕಿಕೊಳ್ಳಬೇಕು ಎಂದಾಗ ಡೆಬ್ರಾ, ಅದು ಇನ್ನೂ ಒಳ್ಳೇದು ಎಂದಳು.

ಪಟಾಪ್ಸ್ಕೋ ನದಿ

ಮನೆಯಲ್ಲಿ ಮಿಂದು, ಹಳದಿ ಗಂಟು ತೆಗೆದುಕೊಂಡು ಬಂದೆ. ಊರಿನ ತಗ್ಗಿನಲ್ಲಿ ಆ ನದಿ. ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ನಾನು ಚಪ್ಪಲಿ ಬಿಟ್ಟು ನೀರಿಗಿಳಿದೆ. ಜೀವ ಹೋಗುವಷ್ಟು ತಣ್ಣಗೆ. ಗಂಟು ಬಿಚ್ಚುತ್ತಿದ್ದಂತೆ ಹಿಂದೆ ಈಥನ್ ಕೂಗು. ದಡದಲ್ಲಿ ಒಂದು ಬೋರ್ಡಿತ್ತು.

"ಅಜ್ಜಿ, ನದಿಗೆ ಕಸ ಹಾಕಿದ್ರೆ ಫೈನ್ ಅಂತೆ!"

"ಕಸ ಅಲ್ಲ!" ಲೇಯಾ.

ಶುರುವಾಯಿತು ಜಗಳ. ದೇವರ ಪುಸ್ತಕ ಕಸವೋ ಅಲ್ಲವೋ, ಪೊಲೀಸರಿಗೆ ಹಾಗೆ ಹೇಳಿದರೆ ಒಪ್ಪುತ್ತಾರೋ, ಮೀನು ಶಾಯಿ ತಿಂದರೆ ಏನಾಗುತ್ತದೆ. ನೀರಿನಲ್ಲಿ ನಿಂತಿದ್ದ ನನಗೆ ನಗು ಬಂತು. ಕಾವೇರಿಯ ಮೆಟ್ಟಿಲಲ್ಲಿ ನಾನೊಬ್ಬಳೇ ನಿಂತಿದ್ದೆ. ಈ ಪುಸ್ತಕಕ್ಕಾಗಿ ಇಷ್ಟು ಜನ ಒಮ್ಮೆಯೂ ಕಿತ್ತಾಡಿರಲಿಲ್ಲ. ಕಿತ್ತಾಡಬೇಕಾದ ಮಕ್ಕಳು ಇವರಲ್ಲ ಎಂದೂ ಆಗಲೇ ತಿಳಿಯಿತು. ಗಂಟು ಕಟ್ಟಿಕೊಂಡು ದಡ ಹತ್ತಿದೆ. ಲೇಯಾ ಕಣ್ಣಲ್ಲೇ ಯಾಕೆ ಎಂದಳು.

"ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ ಅಂತ ಹೇಳು ಮಗಾ. ಅವರನ್ನ ಕೇಳಿಲ್ಲ ಅಂತ ಹೇಳು."

ಅನನ್ಯ ಹೇಳಿದಳು. ಈಥನ್ ನ್ಯಾಯಾಧೀಶನ ಹಾಗೆ ತಲೆಯಾಡಿಸಿದ. ಲೇಯಾ ಹಳದಿ ಗಂಟಿಗೆ ಒಂದು ಮುತ್ತು ಕೊಟ್ಟಳು. ಈ ಸಲ ನಾನು ಒರೆಸಲಿಲ್ಲ.

ನಮ್ಮ ಮನೆ

ತಾತ ಹೋದ ದಿನ ನಿಮ್ಮಿಬ್ಬರನ್ನೂ ಪಕ್ಕದ ಮನೆಗೆ ಕಳಿಸಿದೆವು. ತಾತ ಡ್ಯೂಟಿಗೆ ಹೋಗಿದ್ದಾರೆ ಎಂದೆವು. ನೀವು ಚಿಕ್ಕವರು, ಹೆದರಬಾರದು ಎಂದು ಹಾಗೆ ಮಾಡಿದೆವು. ಭರತ ಬಹಳ ದಿನ ಬಸ್ಸಿನ ಸದ್ದಿಗೆ ಬಾಗಿಲಿಗೆ ಓಡುತ್ತಿದ್ದ. ಈಗ ನೀವು ಓದು ಬರಹ ಬಲ್ಲವರು.

ಪುಸ್ತಕ ದೇವರ ಗೂಡಿನಲ್ಲಿದೆ. ಕೈ ತೊಳೆದುಕೊಂಡು ನೀವೇ ತೆಗೆಯಿರಿ. ಹೊಳೆಗೋ, ಮಣ್ಣಿಗೋ, ಇಲ್ಲ ಹೊಸ ಹೊಲಿಗೆ ಹಾಕಿ ಇನ್ನಷ್ಟು ದಿನ ಮನೆಯಲ್ಲೋ, ಇಬ್ಬರೂ ಕೂತು ವಾದ ಮಾಡಿ. ದನಿ ಏರಿದರೂ ನಾನು ಬೈಯುವುದಿಲ್ಲ. ಆದರೆ ಮೊದಲು ಒಂದು ಕೆಲಸ ಮಾಡಿಕೊಡಿ. ಮೊದಲನೇ ಪುಟದಲ್ಲಿ ತಾತ ತಮ್ಮ ಹೆಸರು ಬರೆದಿದ್ದಾರೆ. ಅದನ್ನು ಗಟ್ಟಿಯಾಗಿ ಓದಿ. ನಾನು ಅಡುಗೆಮನೆಯಲ್ಲಿರುತ್ತೇನೆ, ಅಲ್ಲಿಗೆ ಕೇಳಿಸಬೇಕು.